ನೀರು-ಲವಣಗಳ ಏರುಪೇರಾದ ರೋಗಿಗಳ ಆರೈಕೆ: ವಾರ್ಡಿನ ಅನುಭವಗಳು

ಚಿಂತಾಮಣಿ ಕಡೆಯ ಶುಶ್ರೂಷಾಧಿಕಾರಿಯೊಬ್ಬರ ಕೋರಿಕೆ

ನಾನು ಈಚೆಗೆ ಹೆರಿಗೆ ವಾರ್ಡಿನಿಂದ ಮೆಡಿಕಲ್ ವಾರ್ಡಿಗೆ ಬಂದಿದ್ದೇನೆ. ಬಿಸಿಲು ಏರುತ್ತಿದ್ದಂತೆ ವಾಂತಿ-ಭೇದಿಯಿಂದ ಬಳಲಿದ ವೃದ್ಧರು, ಕಿಡ್ನಿ ತೊಂದರೆಯವರು, ಹೃದಯ ದುರ್ಬಲವಾಗಿ ಕಾಲು ಊದಿಕೊಂಡವರು ಒಂದೇ ಸಾಲಿನ ಹಾಸಿಗೆಗಳಲ್ಲಿ ಇರುತ್ತಾರೆ. ಸೋಡಿಯಂ, ಪೊಟ್ಯಾಸಿಯಂ ವರದಿ ಬರುವುದು ತಡವಾಗುತ್ತದೆ. ಅಲ್ಲಿಯವರೆಗೆ ಏನನ್ನು ಗಮನಿಸಬೇಕು, ಪೊಟ್ಯಾಸಿಯಂ ಡ್ರಿಪ್ ಹಾಕುವಾಗ ಏನು ಎಚ್ಚರ ಬೇಕು, ಮನೆಯವರಿಗೆ ಏನು ಹೇಳಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಕೋಲಾರದಿಂದ, ಮೆಡಿಕಲ್ ವಾರ್ಡಿನ ಹಿರಿಯ ಶುಶ್ರೂಷಾಧಿಕಾರಿ

ಸಿಸ್ಟರ್, ನೀವು ಹೇಳಿದ ಆ ಒಂದೇ ಸಾಲಿನಲ್ಲಿಯೇ ಈ ಆರೈಕೆಯ ಕಷ್ಟವೆಲ್ಲ ಇದೆ. ನಾಲಿಗೆ ಒಣಗಿದ ಅಜ್ಜನನ್ನು ಉಳಿಸುವ ಸಲೈನ್, ಪಕ್ಕದ ಹಾಸಿಗೆಯ ಹೃದ್ರೋಗಿಗೆ ಉಸಿರು ಕಟ್ಟಿಸಬಲ್ಲದು. ಆದ್ದರಿಂದ ಬಾಟಲಿ ನೇತುಹಾಕುವ ಮುನ್ನ ಈ ರೋಗಿಯ ಮೈಯಲ್ಲಿ ನೀರು ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಎಂಬುದು ನಮಗೆ ಸ್ಪಷ್ಟವಾಗಿರಬೇಕು. ಕೇಸ್ ಶೀಟಿನಲ್ಲಿ ಬರೆದದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ಹೊಂದಿಕೆಯಾಗದಿದ್ದರೆ ಡ್ಯೂಟಿ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ವರದಿಗಿಂತ ಮೊದಲೇ ನಮಗೆ ಸುಳಿವು ಕೊಡುವುದು ತೂಕ. ಬೆಳಿಗ್ಗೆ ಮೂತ್ರ ವಿಸರ್ಜನೆ ಮುಗಿದ ಮೇಲೆ, ತಿಂಡಿಗೆ ಮೊದಲು, ಅದೇ ತಕ್ಕಡಿಯಲ್ಲಿ, ಹೆಚ್ಚುಕಡಿಮೆ ಅಷ್ಟೇ ಬಟ್ಟೆಯಲ್ಲಿ ತೂಗಬೇಕು. ಒಂದು ದಿನದಲ್ಲಿ 1 ಕಿಲೋ ಏರಿದರೆ ಅಥವಾ ಇಳಿದರೆ ಅದು ಸುಮಾರು 1 ಲೀಟರ್ ನೀರಿನ ವ್ಯತ್ಯಾಸವೆಂದೇ ತಿಳಿಯಬಹುದು, ಏಕೆಂದರೆ ಕೊಬ್ಬು ಅಥವಾ ಮಾಂಸಖಂಡ ಅಷ್ಟು ಬೇಗ ಬದಲಾಗುವುದಿಲ್ಲ.

ರೋಗಿಯ ಮೈಗೆ ಹೋದ ಮತ್ತು ಹೊರಬಂದ ನೀರನ್ನು ಬರೆದಿಡುವ ಇನ್‌ಟೇಕ್-ಔಟ್‌ಪುಟ್ ಚಾರ್ಟಿನಲ್ಲಿ ಡ್ರಿಪ್ಪಿನ ಲೆಕ್ಕ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಬಾಯಿಯ ಮೂಲಕ ಹೋದದ್ದು ಬಿಟ್ಟುಹೋಗುತ್ತದೆ. ಮನೆಯಿಂದ ಬಂದ ಕಾಫಿ, ರಾಗಿ ಗಂಜಿ, ಮಜ್ಜಿಗೆ, ರಾತ್ರಿ ಮಾತ್ರೆಯ ಜೊತೆ ಕುಡಿದ ನೀರು ಯಾವುದೂ ಚಾರ್ಟಿಗೆ ಬರುವುದಿಲ್ಲ. ರೋಗಿಯ ಲೋಟ ಎಷ್ಟು ಹಿಡಿಯುತ್ತದೆಂದು ಅಳತೆಯ ಜಾರಿನಿಂದ ಒಮ್ಮೆ ನೋಡಿಟ್ಟುಕೊಂಡು, ಒಂದು ಲೋಟಕ್ಕೆ ಒಂದು ಗೀಟು ಎಳೆಯುವಂತೆ ಜೊತೆಯಲ್ಲಿರುವವರ ಕೈಗೆ ಕಾಗದ ಕೊಟ್ಟರೆ, ಓದು ಬಾರದವರೂ ಅಚ್ಚುಕಟ್ಟಾಗಿ ಬರೆದಿಡುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಇದನ್ನು ತೆಲುಗಿನಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಹಾಸಿಗೆಯಲ್ಲೇ ಮೂತ್ರ ಹೋಗುವವರ ಡೈಪರನ್ನು ಒಣಗಿದ್ದಾಗ ಮತ್ತು ನೆನೆದ ಮೇಲೆ ತೂಗಿ, 1 ಗ್ರಾಂ ಹೆಚ್ಚಳಕ್ಕೆ 1 ಮಿ.ಲೀ. ಎಂದು ಬರೆಯಬಹುದು. ವಯಸ್ಕರಲ್ಲಿ ಮೂತ್ರ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿ.ಲೀ.ಗಿಂತ ಕಡಿಮೆಯಾದರೆ, ಅಂದರೆ 60 ಕಿಲೋ ತೂಕದವರಲ್ಲಿ 30 ಮಿ.ಲೀ.ಗಿಂತ ಇಳಿದರೆ, ಬೆಳಗಿನ ರೌಂಡ್ಸ್‌ವರೆಗೆ ಕಾಯಬಾರದು.

ವೃದ್ಧರ ಕೈಯ ಚರ್ಮ ವಯಸ್ಸಿನಿಂದಲೇ ಸಡಿಲವಾಗಿರುವುದರಿಂದ ನೀರಿನ ಕೊರತೆ ತಿಳಿಯಲು ಎದೆಮೂಳೆಯ ಮೇಲೆ ಚಿವುಟಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ ಅವರ ಮಾತನ್ನು ಗಮನಿಸಬೇಕು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಅಜ್ಜಿಯೊಬ್ಬರು ವಾಂತಿಯ ನಂತರ ಬರೀ ನೀರು ಕುಡಿದು ಬಂದು, "ನೆನ್ನೆಯಿಂದ ಏನೇನೋ ಮಾತಾಡ್ತಾರೆ" ಎಂದು ಮಗಳು ಹೇಳಿದರೆ, ಅದನ್ನು ವಯಸ್ಸಿನ ಅರಳುಮರಳು ಎಂದು ಬಿಡದೆ ಸೋಡಿಯಂ ಇಳಿದಿರಬಹುದೆಂದು ಕೂಡಲೇ ತಿಳಿಸಬೇಕು. ರಕ್ತದಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿ ಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಇರಬೇಕು. ಇಳಿದದ್ದನ್ನು ಏರಿಸುವಾಗ ಆತುರ ಸಲ್ಲದು: ದೀರ್ಘಕಾಲದಿಂದ ಕಡಿಮೆಯಿದ್ದ ಸೋಡಿಯಂ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಿದರೆ ಮಿದುಳಿನ ನರಗಳ ಹೊದಿಕೆಗೆ ಶಾಶ್ವತ ಹಾನಿಯಾಗಬಹುದು. ಹೀಗಾಗಿ ಸೋಡಿಯಂ ಏರಿಸಲು ಕೊಡುವ ಗಟ್ಟಿಯಾದ 3% ಸಲೈನ್ ಓಡುತ್ತಿರುವ ಹಾಸಿಗೆಯನ್ನು ಬಿಟ್ಟು ದೂರ ಹೋಗಬೇಡಿ. ಕಾಲು ಊದಿಕೊಂಡ ಹೃದ್ರೋಗಿಯಲ್ಲಿ ಸೋಡಿಯಂ ಕಡಿಮೆ ಬಂದಿದ್ದರೆ ಸಾಮಾನ್ಯವಾಗಿ ಅದಕ್ಕೆ ನೀರು ಹೆಚ್ಚಾಗಿರುವುದೇ ಕಾರಣ. ಮನೆಯವರು ಸಾರಿಗೆ ಉಪ್ಪು ಹೆಚ್ಚಿಸದಂತೆ ಅವರಿಗೆ ಬಿಡಿಸಿ ಹೇಳಬೇಕು.

ಪಾವಗಡ ಕಡೆಯ ಆರೋಗ್ಯ ಕೇಂದ್ರದಿಂದ

ನನ್ನದು ಓಆರ್‌ಎಸ್ ಕುರಿತ ಒಂದೇ ಮಾತು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ನೀರಿಗೆ ಹಾಕಬೇಕು, 24 ಗಂಟೆಯೊಳಗೆ ಮುಗಿಸಬೇಕು, ಸಕ್ಕರೆ ಸೇರಿಸಬಾರದು. ನಮ್ಮಲ್ಲಿ ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಕದಡುವವರು ಬಹಳ. ಅಷ್ಟು ಗಟ್ಟಿಯಾದ ದ್ರಾವಣ ಕರುಳಿಗೆ ನೀರನ್ನು ಇನ್ನಷ್ಟು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ಮತ್ತೆ ಕುಡಿಸಲು ಆರಂಭಿಸಬೇಕು. ಮೊದಲ ಲೀಟರನ್ನು ಮನೆಯವರ ಕೈಯಿಂದಲೇ ನಮ್ಮೆದುರು ಕಲಸಿಸುವುದು ಒಳ್ಳೆಯದು.

ತುಮಕೂರಿನಿಂದ, ಡಯಾಲಿಸಿಸ್ ಘಟಕದ ಶುಶ್ರೂಷಕ

ಪೊಟ್ಯಾಸಿಯಂ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಸಿಗುವ 10 ಮಿ.ಲೀ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲಿನಲ್ಲಿ (ಔಷಧದ ಮುಚ್ಚಿದ ಪುಟ್ಟ ಸೀಸೆ) 20 ಮಿಲಿ ಈಕ್ವಿವಲೆಂಟ್ ಇರುತ್ತದೆ, ನೋಡಲು ಡಿಸ್ಟಿಲ್ಡ್ ವಾಟರಿನ ಆಂಪೂಲಿನಂತೆಯೇ ಇರುತ್ತದೆ. ಅದನ್ನು ಬಾಟಲಿಯಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಆದ್ದರಿಂದ ಅದು ಎಮರ್ಜೆನ್ಸಿ ಟ್ರೇಯಲ್ಲಿ ಇರಲೇಬಾರದು. ಕೆಂಪು ಚೀಟಿ ಅಂಟಿಸಿದ ಬೇರೆ ಪೆಟ್ಟಿಗೆಯಲ್ಲಿಟ್ಟು, ತೆಗೆಯುವಾಗ ಇಬ್ಬರು ಓದಿ ನೋಡುವ ಕ್ರಮವನ್ನು ನಿಮ್ಮ ವಾರ್ಡಿನಲ್ಲಿ ಇಂದೇ ಆರಂಭಿಸಿ. ಬಾಟಲಿಯನ್ನು ನೇತುಹಾಕುವ ಮೊದಲು ಔಷಧ ಸೇರಿಸಿ ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಬೇಕು. ನೇತಾಡುತ್ತಿರುವ ಬಾಟಲಿಗೆ ಚುಚ್ಚಿದರೆ ಅದು ಕೆಳಗೇ ನಿಂತು ಒಟ್ಟಿಗೆ ಇಳಿಯುತ್ತದೆ. ಕೈಯ ರಕ್ತನಾಳದಲ್ಲಿ ಲೀಟರಿಗೆ 40, ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರದಿರುವುದು ವಾರ್ಡಿನ ಸಾಮಾನ್ಯ ಮಿತಿ. 500 ಮಿ.ಲೀ. ಬಾಟಲಿಗೆ ಒಂದು ಆಂಪೂಲ್ ಹಾಕಿ 4 ಗಂಟೆ ಓಡಿಸಬೇಕೆಂದರೆ, 20 ಹನಿಗೆ 1 ಮಿ.ಲೀ. ಆಗುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಮೂತ್ರ ಬರುತ್ತಿದೆಯೇ ಎಂದು ನೋಡದೆ ಆರಂಭಿಸಬೇಡಿ.

ಪೊಟ್ಯಾಸಿಯಂ ಹೆಚ್ಚು ಬಂದರೆ ಮಾದರಿಯಲ್ಲಿ ರಕ್ತಕಣಗಳು ಒಡೆದಿದ್ದವೇ, ಡ್ರಿಪ್ ಓಡುತ್ತಿದ್ದ ಕೈಯಿಂದ ತೆಗೆದದ್ದೇ ಎಂದು ಕೇಳಿಕೊಳ್ಳಿ, ಆದರೆ ಇಸಿಜಿ ತೆಗೆಯುವುದನ್ನು ಅದಕ್ಕಾಗಿ ತಡಮಾಡಬೇಡಿ. ಕ್ಯಾಲ್ಸಿಯಂ ಗ್ಲುಕೋನೇಟ್ ಹೃದಯವನ್ನು ಕಾಯುತ್ತದೆ, ಪೊಟ್ಯಾಸಿಯಂ ಇಳಿಸುವುದಿಲ್ಲ. ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್-ಡೆಕ್ಸ್ಟ್ರೋಸ್ ಕೊಟ್ಟ ಮೇಲೆ ಹಲವು ಗಂಟೆಗಳವರೆಗೆ ಸಕ್ಕರೆ ಇಳಿಯಬಹುದಾದ್ದರಿಂದ ಗಂಟೆಗೊಮ್ಮೆ ಗ್ಲುಕೋಮೀಟರ್ ಹಿಡಿಯಬೇಕು.

ಮನೆಯವರ ವಿಷಯ. ತೆಂಗಿನ ಸೀಮೆ ನಮ್ಮದು. ರೋಗಿಯನ್ನು ನೋಡಲು ಬರುವವರು ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅಲ್ಪ. ಭೇದಿಯಾದವರಿಗೆ ಅದು ಓಆರ್‌ಎಸ್‌ಗೆ ಸಮವಲ್ಲ, ಡಯಾಲಿಸಿಸ್ ರೋಗಿಗಂತೂ ಪ್ರಾಣಾಪಾಯ. "ಸೊಪ್ಪು ಬೇಯಿಸಿ ನೀರು ಬಸಿದು ತಿನ್ನಿ" ಎಂದಷ್ಟೇ ಹೇಳಿದರೆ ನಮ್ಮ ಮನೆಗಳಲ್ಲಿ ಆ ನೀರಿನಿಂದಲೇ ಬಸ್ಸಾರು ಮಾಡಿ ಮುದ್ದೆಯ ಜೊತೆ ಬಡಿಸುತ್ತಾರೆ, ಬಸಿದ ಪೊಟ್ಯಾಸಿಯಂ ಮರಳಿ ತಟ್ಟೆಗೇ ಬರುತ್ತದೆ. ಆದ್ದರಿಂದ ಕಿಡ್ನಿ ರೋಗಿಗೆ ಬಸ್ಸಾರು ಬೇಡ, ಪಲ್ಯ ಮಾತ್ರ ಸ್ವಲ್ಪ ಎಂದು ಹೆಸರು ಹಿಡಿದೇ ಹೇಳಬೇಕು. ಬಿಪಿಗೆ ಒಳ್ಳೆಯದೆಂದು ಕೊಳ್ಳುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ; ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ಯಾವುದೆಂದು ಕೇಳಿ.

ಕೋಲಾರದಿಂದ ಮತ್ತೆ

ಬಸ್ಸಾರಿನ ಮಾತನ್ನು ನಾನೂ ಇನ್ನು ಮುಂದೆ ಹೇಳುತ್ತೇನೆ, ಧನ್ಯವಾದ. ಶಿಫ್ಟ್ ಬದಲಾಗುವಾಗ "ಡ್ರಿಪ್ ಓಡ್ತಾ ಇದೆ" ಎಂದು ಹೇಳಿ ಹೋಗದೆ, ಬಾಟಲಿಯಲ್ಲಿ ಎಷ್ಟು ಉಳಿದಿದೆ, ಅದರಲ್ಲಿ ಏನು ಸೇರಿದೆ, ಮೂತ್ರ ಎಷ್ಟು ಬಂದಿದೆ, ಕೊನೆಯ ರಕ್ತಪರೀಕ್ಷೆ ಯಾವಾಗ ಆಯಿತು, ಯಾವ ಡಾಕ್ಟರಿಗೆ ಏನು ತಿಳಿಸಿದ್ದೇವೆ ಎಂಬುದನ್ನು ಹಾಸಿಗೆಯ ಬಳಿಯೇ ನಿಂತು ಮುಂದಿನವರಿಗೆ ಒಪ್ಪಿಸಿ.