ಓದುಗರ ಸ್ಪಂದನ: ಅಭ್ಯಾಸ ಪಾಠದಲ್ಲಿ ಮಾತು ಕಟ್ಟಿದ ಸೋದರಿಗೆ

ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ಓದುಗರೊಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅವರು ಈಗ ಬಿ.ಎಡ್. ಮೊದಲ ವರ್ಷದಲ್ಲಿದ್ದಾರೆ. ತರಬೇತಿಯ ಭಾಗವಾಗಿ ಮರಾಠಿ ಶಾಲೆಯೊಂದರ ಮಕ್ಕಳಿಗೆ ಮಾಡುತ್ತಿದ್ದ ಅಭ್ಯಾಸ ಪಾಠದ ನಡುವೆ ಮಾತು ಕಟ್ಟಿತು, ಮೇಲ್ವಿಚಾರಕರು ಮಕ್ಕಳೆದುರೇ ಗದರಿದರು. ಈಗ ತರಗತಿಯೆಂದರೆ ಭಯ. ಕೋರ್ಸ್ ಬಿಟ್ಟುಬಿಡಲೇ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

*

ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳ ಮುಂದೆ ನಿನ್ನನ್ನು ಗದರಿದ್ದು ತಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ತಪ್ಪನ್ನೂ ನೀನು ನಿನ್ನ ತಲೆಯ ಮೇಲೇ ಹೊತ್ತುಕೊಂಡಿದ್ದೀಯೆ. ತಿದ್ದುವುದಕ್ಕೆ ಪಾಠ ಮುಗಿದ ನಂತರದ ಸಮಯವಿದೆ, ಟಿಪ್ಪಣಿ ಬರೆಯಲು ಪುಸ್ತಕವಿದೆ.

ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಅದರ ಕನ್ನಡ ಶಾಲೆಗಳಲ್ಲಿ ನಾನು ಮೂವತ್ತೆರಡು ವರ್ಷ ಕಲಿಸಿದೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಅಂಥದೇ ಶಾಲೆಯಲ್ಲಿ ನನ್ನ ಮೊದಲ ಅಭ್ಯಾಸ ಪಾಠ ನಡೆಯಿತು. ವಿಷಯ ಭಿನ್ನರಾಶಿ. ಪಾಠ ಯೋಜನೆಯ ಒಂದೊಂದು ಸಾಲೂ ನನಗೆ ಬಾಯಿಪಾಠವಾಗಿತ್ತು. ಹುಡುಗನೊಬ್ಬ ಎದ್ದು ನಿಂತು, ಎರಡಕ್ಕಿಂತ ನಾಲ್ಕು ದೊಡ್ಡದು, ಹಾಗಾದರೆ ಅರ್ಧಕ್ಕಿಂತ ಕಾಲು ಸಣ್ಣದು ಹೇಗೆ ಎಂದು ಕೇಳಿದ. ಆ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ. ನಾಲಿಗೆ ಒಣಗಿತು. ಹಿಂದಿನ ಬೆಂಚಿನಲ್ಲಿ ಕುಳಿತವರ ಪೆನ್ನು ಕಾಗದದ ಮೇಲೆ ಓಡುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿತ್ತು.

ಮರುವಾರ ಅದೇ ತರಗತಿಗೆ ಎರಡು ಜೋಳದ ರೊಟ್ಟಿ ಕಟ್ಟಿಕೊಂಡು ಹೋದೆ. ಒಂದನ್ನು ಇಬ್ಬರಿಗೆ ಮುರಿದು ಕೊಟ್ಟೆ, ಇನ್ನೊಂದನ್ನು ನಾಲ್ವರಿಗೆ. ಪ್ರಶ್ನೆ ಕೇಳಿದ ಹುಡುಗ ನಾಲ್ವರಲ್ಲಿ ಒಬ್ಬ. ತನ್ನ ಚೂರನ್ನೂ ಪಕ್ಕದವನ ಚೂರನ್ನೂ ನೋಡಿ, "ಟೀಚರ್, ನನಗೆ ಕಡಿಮೆ ಬಂತು" ಎಂದ. ಇಡೀ ತರಗತಿಗೆ ವಿಷಯ ತಿಳಿದುಹೋಯಿತು. ಆ ದಿನ ಹಿಂದಿನ ಬೆಂಚಿನಲ್ಲಿ ಯಾರು ಕುಳಿತಿದ್ದರು ಎಂಬುದು ನನಗೆ ಇಂದಿಗೂ ನೆನಪಿಲ್ಲ.

ನಿನ್ನ ಪಾಠ ಎಲ್ಲಿ ನಿಂತಿತೋ ಅದನ್ನೇ ಮತ್ತೊಮ್ಮೆ ಮಾಡಲು ಕೇಳಿಕೋ. ಒಪ್ಪದಿದ್ದರೆ ನಿಮ್ಮ ಕಟ್ಟಡದ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಮಾಡು. ಧೈರ್ಯ ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡ. ಇನ್ನೊಂದು ಮಾತು: ಮರಾಠಿಯ ವಿವರಣೆಯನ್ನೆಲ್ಲ ಉರುಹಚ್ಚಬೇಡ, ಒಂದು ಪದ ಜಾರಿದರೆ ಉಳಿದದ್ದೂ ಜಾರುತ್ತದೆ. ನೀನು ಕೇಳಬೇಕಾದ ಹತ್ತು ಪ್ರಶ್ನೆಗಳನ್ನು ಮಾತ್ರ ಮರಾಠಿಯಲ್ಲಿ ಬರೆದು ಗಟ್ಟಿಯಾಗಿ ಓದಿಕೋ. ಉತ್ತರಿಸುವ ಮಕ್ಕಳೇ ನಿನಗೆ ಮರಾಠಿ ಕಲಿಸುತ್ತಾರೆ.

— ನಿವೃತ್ತ ಶಿಕ್ಷಕಿ, ಘಾಟ್ಕೋಪರ್

*

ನಾನು ಬಿ.ಎಡ್. ವಿದ್ಯಾರ್ಥಿಗಳಿಗೆ ಕಲಿಸುವವನು. ನಿಮ್ಮ ಪತ್ರದಲ್ಲಿ "ನಾನು ಹೇಗೆ ಕಾಣುತ್ತಿದ್ದೆನೋ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಕಲಿಸಲು ಹೊರಟವರ ಚಿಂತೆ ಮೊದಲು ತಮ್ಮ ಸುತ್ತಲೇ ಇರುತ್ತದೆ, ಅನುಭವ ಬೆಳೆದಂತೆ ಮಕ್ಕಳ ಕಲಿಕೆಯತ್ತ ಹೊರಳುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಫ್ರಾನ್ಸಿಸ್ ಫುಲ್ಲರ್ 1969ರಲ್ಲೇ ಬರೆದರು.

ಸೂಕ್ಷ್ಮ ಬೋಧನೆಯ, ಅಂದರೆ ಪುಟ್ಟ ಪಾಠವೊಂದನ್ನು ಮಾಡಿ, ತಿದ್ದಿ, ಮತ್ತೆ ಮಾಡುವ ತರಬೇತಿಯ ಚಕ್ರವನ್ನು ನೀವು ಓದಿರುತ್ತೀರಿ: ಪಾಠಕ್ಕೆ 6 ನಿಮಿಷ, ವಿಮರ್ಶೆಗೆ 6, ಮರುಯೋಜನೆಗೆ 12, ಮರುಪಾಠಕ್ಕೆ 6, ಮತ್ತೆ ವಿಮರ್ಶೆಗೆ 6, ಒಟ್ಟು 36. ಇದರಲ್ಲಿ ಅತಿ ಹೆಚ್ಚು ಸಮಯ ಸಿಕ್ಕಿರುವುದು ಎಡವಿದ್ದನ್ನು ಕುಳಿತು ಸರಿಪಡಿಸಿಕೊಳ್ಳುವ ಕೆಲಸಕ್ಕೆ. ಎಡವುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ತರಬೇತಿಯನ್ನು ಕಟ್ಟಿದ್ದಾರೆ. ಎಷ್ಟೋ ಕಡೆ ಮೊದಲ ಪಾಠವಾದೊಡನೆ ಪುಸ್ತಕಕ್ಕೆ ಸಹಿ ಬೀಳುತ್ತದೆ, ಮರುಪಾಠ ನಡೆಯುವುದೇ ಇಲ್ಲ. ನನಗೆ ಇದು ನೋವಿನ ಸಂಗತಿ. ತನ್ನ ಕೈಯಿಂದ ಒಂದು ಕೆಲಸ ಆಯಿತು ಎಂಬ ಅನುಭವದಷ್ಟು ಬಲವಾಗಿ ಬೇರೆ ಯಾವುದೂ ಆತ್ಮವಿಶ್ವಾಸವನ್ನು ಬೆಳೆಸುವುದಿಲ್ಲ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಾದಿಸಿದರು. ಮರುಪಾಠ ತಪ್ಪಿಸಿದರೆ ವಿದ್ಯಾರ್ಥಿಯಿಂದ ಆ ಅನುಭವವನ್ನೇ ಕಸಿದುಕೊಂಡಂತೆ. ಅದನ್ನು ಕೇಳಿ ಪಡೆಯಿರಿ.

ಎರಡನೆಯ ವರ್ಷದಲ್ಲಿ ಹದಿನಾರು ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ. ಒಂದೇ ಶಾಲೆಯಲ್ಲಿ ಕೆಲವು ವಾರ ಕಳೆದ ಮೇಲೆ ಮಕ್ಕಳ ಹೆಸರು ನಿಮಗೆ ಗೊತ್ತಿರುತ್ತದೆ. ಹೆಸರು ಹಿಡಿದು ಪ್ರಶ್ನೆ ಕೇಳುವುದಕ್ಕೂ "ಏಯ್, ನೀನು" ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿಯವರೆಗೆ ಹೋಗಿ ನೋಡಿ.

— ಅಧ್ಯಾಪಕ, ಪುಣೆ

*

ಸೋದರಿ, ಕಲಿತರೂ ಕೆಲಸ ಸಿಗುತ್ತದೆಯೇ ಎಂದೂ ಬರೆದಿದ್ದೀರಿ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 150 ಅಂಕಕ್ಕೆ ಸಾಮಾನ್ಯ ವರ್ಗದವರಿಗೆ 90 ಬೇಕು. ನಾನು ಮೊದಲ ಸಲ 84ಕ್ಕೆ ನಿಂತೆ, ಎರಡನೆಯ ಸಲ ದಾಟಿದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಪ್ರಮಾಣಪತ್ರ ಈಗ ಜೀವನಪೂರ್ತಿ ನಡೆಯುತ್ತದೆ. ಅದಾದ ಮೇಲೂ ನೇಮಕಾತಿಗೆ ಬೇಕಾದ ಅಭಿಯೋಗ್ಯತಾ ಪರೀಕ್ಷೆ, ಮಹಾರಾಷ್ಟ್ರದಲ್ಲಿ ಶಿಕ್ಷಕರ ನೇಮಕಾತಿ ನಡೆಯುವ ಪವಿತ್ರ ಪೋರ್ಟಲ್ ಎಂದು ಕಾಯುವುದು ಇದ್ದೇ ಇದೆ. ಸುಲಭ ಎಂದು ಹೇಳಲಾರೆ. ಆದರೆ ಎರಡು ವರ್ಷ ಆಚೆಯ ಚಿಂತೆಯನ್ನು ನಾಳೆಯ ಪಾಠದ ಮೇಲೆ ಹೇರಬೇಡಿ.

— ಯುವ ಶಿಕ್ಷಕ, ನವಿ ಮುಂಬಯಿ

*

ನಾನು ಶಿಕ್ಷಕಿಯಲ್ಲ, ತಾಯಿ. ಮನೆಯಲ್ಲಿ ನಮ್ಮದು ಕನ್ನಡ, ಮಗಳ ಶಾಲೆಯಲ್ಲಿ ಕೊಂಕಣಿ. ತರಗತಿಯಲ್ಲಿ ಅವಳು ಬಾಯಿ ತೆರೆಯುತ್ತಿರಲಿಲ್ಲ. ಕಳೆದ ವರ್ಷ ತರಬೇತಿಗೆಂದು ಬಂದ ಹುಡುಗಿಯೊಬ್ಬರು ಹಲಗೆಯ ಮೇಲೆ ಬದನೆಕಾಯಿಯ ಚಿತ್ರ ಬರೆದು, ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳಿದರಂತೆ. ಮಗಳು ಹೇಳಿದ ಕನ್ನಡ ಪದವನ್ನು ಕೇಳಿದಂತೆಯೇ ನಾಗರಿ ಅಕ್ಷರದಲ್ಲಿ ಬರೆದರಂತೆ. ಸಂಜೆ ಅವಳು ಶಾಲೆಯ ಸುದ್ದಿಯನ್ನು ತಾನಾಗಿ ಹೇಳಿದ್ದು ಅದೇ ಮೊದಲು. ಟೀಚರ್ ಕೈ ನಡುಗಿ ಸೀಮೆಸುಣ್ಣ ಮುರಿಯಿತು ಎಂದೂ ಹೇಳಿದಳು. ಆ ಚೂರು ಈಗಲೂ ಅವಳ ಕಂಪಾಸು ಪೆಟ್ಟಿಗೆಯಲ್ಲಿದೆ.

— ಗೃಹಿಣಿ, ವಾಸ್ಕೊ