ಬಿಪಿಗೆ ಡಾಕ್ಟರ್ ಒಬ್ಬರೇ ಸಾಕಾ? ನಮ್ಮ ಮನೆ ಗುಂಪಿನ ಚರ್ಚೆ

ಕಾವ್ಯ: ಎಲ್ಲರೂ ಇದನ್ನು ಓದಿ. ಲಾಸ್ ಏಂಜಲಿಸ್‌ನಲ್ಲಿ ಕಪ್ಪು ಗಂಡಸರ ಬಿಪಿ ಇಳಿಸಲು ಫಾರ್ಮಸಿಸ್ಟ್‌ಗಳನ್ನು ಕಟಿಂಗ್ ಶಾಪ್‌ಗೇ ಕಳಿಸಿದ್ದರು, ಅದರ ಲೇಖನ. ಅಧ್ಯಯನ 2018ರದ್ದು. ಅಮೆರಿಕದಲ್ಲಿ ಬಿಪಿಗೆ ಸಂಬಂಧಿಸಿದ ಸಾವಿನ ದರ ಇವರಲ್ಲೇ ಜಾಸ್ತಿ.

ದೊಡ್ಡಪ್ಪ: ಓದಿದೆ ಕಣಮ್ಮ. ನನಗೆ ಸರಿ ಕಾಣಲಿಲ್ಲ. ದುಡ್ಡಿದ್ದವರಿಗೆ ಡಾಕ್ಟರು, ಇಲ್ಲದವರಿಗೆ ಕಟಿಂಗ್ ಶಾಪ್. ಇದು ಸಮಾನತೆನಾ? ನಮ್ಮ ಊರಲ್ಲೂ ಈಗ ಇದೇ ಆಗುತ್ತಿದೆ, ಆಶಾ ಕಾರ್ಯಕರ್ತೆ ಬಂದು ಪಟ್ಟಿ ಸುತ್ತಿ ಬಿಪಿ ನೋಡಿ ಬರೆದುಕೊಂಡು ಹೋಗುತ್ತಾಳೆ, ಡಾಕ್ಟರ ಮುಖ ಕಾಣುವುದಿಲ್ಲ.

ಕಾವ್ಯ: ಪೂರ್ತಿ ಓದಿ ದೊಡ್ಡಪ್ಪ. 52 ಅಂಗಡಿ, 319 ಜನ. ಕೆಲವು ಅಂಗಡಿಗಳಲ್ಲಿ ಕಟಿಂಗ್ ಮಾಡುವವರು "ಡಾಕ್ಟರ ಹತ್ತಿರ ಹೋಗಿ" ಅಂತ ಹೇಳಿ ಕಳಿಸಿದರು. ಉಳಿದ ಕಡೆ ಫಾರ್ಮಸಿಸ್ಟ್ ಅಲ್ಲಿಗೇ ಬಂದು ಬಿಪಿ ನೋಡಿ, ಆ ಗಂಡಸರ ಡಾಕ್ಟರ ಜೊತೆ ಮೊದಲೇ ಮಾಡಿಕೊಂಡ ಒಪ್ಪಂದದಂತೆ ಮಾತ್ರೆ ಬರೆದು, ಇಳಿಯದಿದ್ದರೆ ಎರಡನೆಯದು ಸೇರಿಸಿ, ರಕ್ತ ಪರೀಕ್ಷೆಯನ್ನೂ ಅಲ್ಲೇ ಮಾಡಿದರು. ಆರು ತಿಂಗಳಿಗೆ ಮೇಲಿನ ಬಿಪಿ ಫಾರ್ಮಸಿಸ್ಟ್ ಬಂದ ಕಡೆ 27 ಇಳಿಯಿತು. ಡಾಕ್ಟರ ಹತ್ತಿರ ಹೋಗಿ ಅಂದ ಕಡೆ 9.3 ಮಾತ್ರ. 130/80ರ ಒಳಗೆ ಬಂದವರು ಒಂದು ಕಡೆ ನೂರಕ್ಕೆ 64, ಇನ್ನೊಂದು ಕಡೆ 12.

ಸುರೇಶಣ್ಣ: ನಾನು ಮೆಡಿಕಲ್ ಶಾಪ್ ಇಟ್ಟುಕೊಂಡವನು, ನನ್ನ ಮಾತೂ ಕೇಳಿ. ಫಾರ್ಮಸಿಸ್ಟ್ ಅಂಗಡಿಯಿಂದ ಅಂಗಡಿಗೆ ಓಡಾಡುವುದಕ್ಕೆ ದುಡ್ಡು ಎಲ್ಲಿಂದ? ಅಧ್ಯಯನ ಅಂದರೆ ಯಾರೋ ಕೊಡುತ್ತಾರೆ, ಆಮೇಲೆ? ಇನ್ನೊಂದು, ಫಾರ್ಮಸಿಸ್ಟ್ ನೋಡಿದ ಗುಂಪಿನ ಮೂವರಿಗೆ ಕಿಡ್ನಿ ತೊಂದರೆ ಕಾಣಿಸಿಕೊಂಡಿತ್ತು. ಅದನ್ನೂ ಹೇಳಬೇಕಲ್ವಾ?

ಕಾವ್ಯ: ಹೌದು, ಹೇಳಬೇಕು. ಅದಕ್ಕೇ ರಕ್ತ ಪರೀಕ್ಷೆ ಬಿಡುವ ಹಾಗಿಲ್ಲ ಅನ್ನುವುದು.

ದೊಡ್ಡಪ್ಪ: ನೋಡು, ಅವನೂ ನನ್ನ ಮಾತನ್ನೇ ಹೇಳಿದ.

ಪದ್ಮ ಚಿಕ್ಕಮ್ಮ: ಭಾವ, ಡ್ಯೂಟಿ ಮುಗಿಸಿ ಈಗ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ನಾನು ನೋಡುವುದು ಇಷ್ಟು. ಕೂಲಿ ಕೆಲಸದ ಹೆಂಗಸು ಬರುತ್ತಾಳೆ, 170 ಇರುತ್ತದೆ, ಡಾಕ್ಟರು ಬಿಪಿ ಮಾತ್ರೆ ಅಮ್ಲೋಡಿಪಿನ್ ಬರೆಯುತ್ತಾರೆ. ಮಾತ್ರೆ ಮುಗಿಯುತ್ತದೆ. ತಲೆ ಸುತ್ತಿಲ್ಲ, ಏನೂ ಇಲ್ಲ, ಮತ್ತೆ ಬರಬೇಕು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ, ಹಾಗಾಗಿ ಬರುವುದಿಲ್ಲ. ಬಂದರೂ ಹೊರಗೆ ನೂರು ಜನರ ಸಾಲು, ಬಿಪಿ ಇನ್ನೂ 160 ಇದ್ದರೂ ಅದೇ ಮಾತ್ರೆ ಅದೇ ಡೋಸ್ ಮುಂದುವರಿಯುತ್ತದೆ. ಡಾಕ್ಟರಿಗೆ ಗೊತ್ತಿಲ್ಲ ಅಂತಲ್ಲ, ಅವರಿಗೆ ಪುರಸೊತ್ತಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಅವಳನ್ನು ಆಟೋದಲ್ಲಿ ಕರೆದುಕೊಂಡು ಬರುತ್ತಾರೆ. ನಿಮಗೆ ಹಾಗಾಗುವುದಿಲ್ಲ, ಯಾಕೆಂದರೆ ಅತ್ತಿಗೆ ಡಬ್ಬಿ ನೋಡಿ ಮಾತ್ರೆ ತರಿಸುತ್ತಾರೆ, ಸುರೇಶ ಫೋನ್ ಮಾಡಿ ಕೇಳುತ್ತಾನೆ. ನಿಮಗೂ ಒಂದು ತಂಡ ಇದೆ ಭಾವ, ಅದು ಮನೆಯೊಳಗೇ ಇದೆ ಅಷ್ಟೇ.

2017ರಲ್ಲಿ ಕೇರಳ, ಪಂಜಾಬ್, ಮಹಾರಾಷ್ಟ್ರ, ಮಧ್ಯಪ್ರದೇಶ, ತೆಲಂಗಾಣದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜೊತೆ ಶುರುವಾದ ಬಿಪಿ ಯೋಜನೆ ಇದನ್ನೇ ಮಾಡಿದ್ದು. ಯಾವ ಮಾತ್ರೆ ಮೊದಲು, ಇಳಿಯದಿದ್ದರೆ ಮುಂದಿನದು ಯಾವುದು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟರು. ಯಾರು ಈ ತಿಂಗಳು ಬಂದಿಲ್ಲ ಅಂತ ನರ್ಸ್ ಪಟ್ಟಿ ನೋಡಿ ಫೋನ್ ಮಾಡುತ್ತಾಳೆ. ಇದಕ್ಕೆ ಎಂಬಿಬಿಎಸ್ ಬೇಕಾ?

ದೊಡ್ಡಪ್ಪ: ಸರಿ ಪದ್ಮ. ಆದರೂ ಇದೆಲ್ಲ ಬಡವರಿಗೆ ಮಾತ್ರ ಯಾಕೆ?

ಕಾವ್ಯ: ಬಡವರಿಗೆ ಮಾತ್ರ ಅಲ್ಲ! ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಅಂತ ವಿಮೆ, ಆಸ್ಪತ್ರೆ ಎರಡನ್ನೂ ನಡೆಸುವ ಸಂಸ್ಥೆ ಇದೆ, ಅದರಲ್ಲಿ ಇರುವವರೆಲ್ಲ ವಿಮೆ ಇರುವವರು, ಸ್ವಂತ ಡಾಕ್ಟರ್ ಇರುವವರು. ಅಲ್ಲಿ 2001ರಲ್ಲಿ ಹತೋಟಿಯಲ್ಲಿ ಇದ್ದದ್ದು ನೂರಕ್ಕೆ 44 ಜನರ ಬಿಪಿ. ಎಲ್ಲರ ಪಟ್ಟಿ ಮಾಡಿದರು, ಎರಡು ಔಷಧ ಸೇರಿದ ಒಂದೇ ಮಾತ್ರೆ ತಂದರು, ಡಾಕ್ಟರ ಬದಲು ಸಹಾಯಕರು ಬಿಪಿ ನೋಡುವ ವ್ಯವಸ್ಥೆ ಮಾಡಿ ಅದಕ್ಕೆ ಫೀಸ್ ತೆಗೆದುಹಾಕಿದರು. 2009ಕ್ಕೆ 80 ಆಯಿತು.

ಸುರೇಶಣ್ಣ: ಹಾಗಾದರೆ ಅಪ್ಪ, ಇದು ಕಡಿಮೆ ದರ್ಜೆಯ ಚಿಕಿತ್ಸೆ ಅನ್ನಲು ಆಗುವುದಿಲ್ಲ. ದುಡ್ಡಿನ ಪ್ರಶ್ನೆ ಮಾತ್ರ ನನಗೆ ಹಾಗೇ ಉಳಿದಿದೆ.

ದೊಡ್ಡಪ್ಪ: ಒಪ್ಪಿದೆ. ಆದರೆ ತಂಡ ಅಂತ ಹೆಸರಿಟ್ಟು ಕೆಲಸವನ್ನೆಲ್ಲ ಆಶಾ ತಲೆಗೆ ಕಟ್ಟಿದರೆ ಒಪ್ಪುವುದಿಲ್ಲ. ಮಾತ್ರೆ ಹೆಚ್ಚು ಕಡಿಮೆ ಆದರೆ ಆ ಹುಡುಗಿಯನ್ನು ಬೈಯುತ್ತಾರೆ.

ಪದ್ಮ ಚಿಕ್ಕಮ್ಮ: ಅದನ್ನು ನಾನೂ ಒಪ್ಪುವುದಿಲ್ಲ ಭಾವ. 2024ರಲ್ಲಿ ಕೋಲಾರದಿಂದ ಶುರುವಾದ ನಮ್ಮ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲೂ ಮನೆ ಮನೆ ಸುತ್ತುವವರು ಅವರೇ. ಗೌರವಧನ ಹೆಚ್ಚಿಸದೆ ಸುಮ್ನೆ ಕೆಲಸ ಹೆಚ್ಚಿಸಿದರೆ ಇದು ನಿಲ್ಲುವುದಿಲ್ಲ. ಜವಾಬ್ದಾರಿ ಡಾಕ್ಟರದ್ದೇ ಇರಬೇಕು, ಅದು ಬರಹದಲ್ಲಿ ಇರಬೇಕು. ಮಾತ್ರೆ ಸ್ಟಾಕ್ ಯಾವತ್ತೂ ಖಾಲಿ ಆಗಬಾರದು, ಒಂದು ಸಲ ಬರಿಗೈಲಿ ಕಳಿಸಿದರೆ ಆ ಮನುಷ್ಯ ಮತ್ತೆ ಬರುವುದಿಲ್ಲ. ನೀವು ಗ್ರಾಮಸಭೆಗೆ ಹೋಗುತ್ತೀರಲ್ಲ, ಅಲ್ಲಿ ಕೇಳಿ: ಎಷ್ಟು ಜನರ ಬಿಪಿ ನೋಡಿದಿರಿ ಅಂತಲ್ಲ, ಎಷ್ಟು ಜನರದ್ದು 140/90ರ ಒಳಗೆ ಬಂತು ಅಂತ.

ದೊಡ್ಡಪ್ಪ: ಕೇಳುತ್ತೇನೆ. ಬಿಪಿ ನೋಡಿದವರ ಸಂಖ್ಯೆ, ಹತೋಟಿಗೆ ಬಂದವರ ಸಂಖ್ಯೆ ಬೇರೆ ಬೇರೆ ಹೇಗೆ ಅಂತ ನಾಳೆ ಫೋನ್ ಮಾಡಿ ಬಿಡಿಸಿ ಹೇಳು.