ಸಹಾಯ ಬೇಕು: ಯೂನಿಯನ್ ವಾರ್ಷಿಕ ಲೆಕ್ಕ, ಡಿಸೆಂಬರ್‌ಗಾ, ಮಾರ್ಚ್‌ಗಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕಾರ್ಮಿಕರ ಒಂದು ನೋಂದಾಯಿತ ಯೂನಿಯನ್‌ನಲ್ಲಿ ಅಧ್ಯಕ್ಷರ ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ಅವರ ಪತ್ರ, ಸಭೆ, ಓಡಾಟ ಎಲ್ಲ ನನ್ನದೇ. ಹಿರಿಯರು, ನನ್ನ ಮೇಲೆ ನಂಬಿಕೆ ಇಟ್ಟು ಸಹಿ ಹಾಕುತ್ತಾರೆ. ಅದಕ್ಕೇ ಭಯ.

2024ರ ವಾರ್ಷಿಕ ವರದಿ ಇನ್ನೂ ಬಾಕಿ ಇದೆ. ಆಗ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಲೆಕ್ಕ ಕೊಡಬೇಕಿತ್ತು, ಅದೂ ಆಡಿಟ್ ಆಗಿರಬೇಕಿತ್ತು. ನಮ್ಮ ಹಳೇ ಖಜಾಂಚಿ ಮಾತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಬರೆದಿದ್ದಾರೆ, ಆಡಿಟ್ ಆಗಿರೋದೂ ಹಾಗೇ. ಮೂರು ರಾತ್ರಿ ಕೂತು ಚಂದಾ ರಸೀದಿಗಳನ್ನು ತಿಂಗಳುವಾರು ಜೋಡಿಸಿದೆ. ಕೆಲವು ಪೆನ್ಸಿಲ್‌ನಲ್ಲಿ ಬರೆದವು, ಮೇಲೆ ಭಟ್ಟಿಯ ಮಸಿ ಬೇರೆ, ತಾರೀಖೇ ಕಾಣಲ್ಲ. ಪಾಸ್‌ಬುಕ್ ಜೊತೆ ತಾಳೆ ನೋಡಿ ಬಹುತೇಕ ಸರಿ ಮಾಡಿದ್ದೇನೆ. ವರ್ಷದ ಮಧ್ಯೆ ಖಜಾಂಚಿ ಬದಲಾದ ವಿವರವನ್ನೂ ಬರೆದಿಟ್ಟಿದ್ದೇನೆ, ಅದನ್ನೂ ಜೊತೆಗೆ ಕೊಡಬೇಕಲ್ವಾ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: 2023-24 ಮತ್ತು 2024-25ರ ಎರಡು ಆಡಿಟ್ ವರದಿಗಳನ್ನು ಹಾಗೇ ಲಗತ್ತಿಸಿದರೆ ನಡೆಯುತ್ತಾ, ಇಲ್ಲಾ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕವನ್ನು ಹೊಸದಾಗಿ ಆಡಿಟ್ ಮಾಡಿಸಲೇಬೇಕಾ? ಯೂನಿಯನ್ ವರದಿ ಸ್ವತಃ ಸಲ್ಲಿಸಿದವರು ದಯವಿಟ್ಟು ತಿಳಿಸಿ.